641ಕ್ಕೆ ಸಿಕ್ಕಿಬಿದ್ದ ಸಂಖ್ಯೆ

ಕೇಳುಗರೇ, ನಮಸ್ಕಾರ. ಪೆನ್ನು, ಕಾಗದ ಇದ್ದರೆ ಹತ್ತಿರ ಇಟ್ಟುಕೊಳ್ಳಿ. ಒಂದು ಸಂಖ್ಯೆ ಹೇಳುತ್ತೇನೆ, ಬರೆದುಕೊಳ್ಳಿ. 429 ಕೋಟಿ 49 ಲಕ್ಷ 67 ಸಾವಿರದ 297.

32 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದಕ್ಕೆ 1 ಕೂಡಿದರೆ ಇದು ಸಿಗುತ್ತದೆ. ಹಾಗೆಯೇ ಒಂದು, ಎರಡು, ನಾಲ್ಕು, ಎಂಟು, ಹದಿನಾರು ಎರಡುಗಳನ್ನು ತೆಗೆದುಕೊಂಡರೆ 3, 5, 17, 257, 65,537 ಬರುತ್ತವೆ. ಐದೂ ಅವಿಭಾಜ್ಯ ಸಂಖ್ಯೆಗಳು. 1640ರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಇದನ್ನು ನೋಡಿ, ಮುಂದಿನವೂ ಅವಿಭಾಜ್ಯವೇ ಇರಬೇಕು ಎಂದು ನಂಬಿದರು. ಯಾರಿಗಾದರೂ ಹಾಗೇ ಅನಿಸುತ್ತದೆ, ಅಲ್ವಾ?

ನಮ್ಮ ಸಂಖ್ಯೆಯನ್ನು ಯಾವುದಾದರೂ ಅವಿಭಾಜ್ಯ ಭಾಗಿಸುತ್ತದೆಯೇ, ನೋಡೋಣ. ಅದು 7ರಲ್ಲಿ ಮುಗಿಯುತ್ತದೆ. ಹಾಗಾಗಿ 2, 5 ಹೋದವು. ಅಂಕಿಗಳ ಮೊತ್ತ 59, ಆದ್ದರಿಂದ 3 ಕೂಡ ಹೋಯಿತು. ಹೀಗೇ ಒಂದೊಂದಾಗಿ ನೋಡುತ್ತಾ ಹೋದರೆ, ಪರೀಕ್ಷಿಸಬೇಕಾದ ಅವಿಭಾಜ್ಯಗಳು ಒಟ್ಟು 6,542!

1732ರಲ್ಲಿ, 25ರ ಹರೆಯದ ಗಣಿತಜ್ಞ ಆಯ್ಲರ್ ಉತ್ತರ ಹೇಳಿದರು: ಇದು 641ರಿಂದ ಭಾಗವಾಗುತ್ತದೆ. ಅವರು ಮುಂದೆ ವಿವರಿಸಿದ ದಾರಿ ನನಗೆ ತುಂಬಾ ಇಷ್ಟ. ಈ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಅಂಥವು ಯಾವುವು? 193, 257, 449, 577, 641. ಐದನೆಯದೇ ಉತ್ತರ.

ದೊಡ್ಡ ಭಾಗಾಕಾರ ಮಾಡದೆಯೂ ಇದನ್ನು ಖಾತ್ರಿ ಮಾಡಿಕೊಳ್ಳಬಹುದು. ನಿಧಾನವಾಗಿ ಹೇಳುತ್ತೇನೆ. 640 ಎಂಬುದು 641ಕ್ಕಿಂತ ಒಂದು ಕಡಿಮೆ. ಅದರ ಶೇಷವನ್ನು ಮೈನಸ್ 1 ಎನ್ನೋಣ. ನಾಲ್ಕು 640ಗಳನ್ನು ಗುಣಿಸಿದರೆ ಮೈನಸ್‌ಗಳೆಲ್ಲ ಕಳೆದು ಶೇಷ 1. ಈಗ 640ನ್ನು ಬಿಡಿಸಿ: ಒಂದು ಐದು, ಏಳು ಎರಡುಗಳು. ನಾಲ್ಕು 640ಗಳಲ್ಲಿ ನಾಲ್ಕು ಐದುಗಳು, 28 ಎರಡುಗಳು. ನಾಲ್ಕು ಐದುಗಳನ್ನು ಗುಣಿಸಿದರೆ 625. ಅದು 641ಕ್ಕಿಂತ 16 ಕಡಿಮೆ. ಹಾಗಾಗಿ 625ರ ಜಾಗದಲ್ಲಿ ಮೈನಸ್ 16 ಇಡಿ. 16 ಅಂದರೆ ನಾಲ್ಕು ಎರಡುಗಳು. 28ಕ್ಕೆ 4 ಸೇರಿ 32 ಎರಡುಗಳಾದವು, ಮುಂದೆ ಒಂದು ಮೈನಸ್. ಇದರ ಶೇಷ 1 ಎಂದಾದರೆ, ಮೈನಸ್ ಇಲ್ಲದಿದ್ದಾಗ ಶೇಷ ಮೈನಸ್ 1. ಅದಕ್ಕೆ 1 ಕೂಡಿಸಿ. ಸೊನ್ನೆ!

ಮೊದಲ ಸಲ ಇದನ್ನು ಮಾಡಿ ನೋಡಿದಾಗ ಆ ಕಾಗದವನ್ನು ಎಸೆಯಲು ನನಗೆ ಮನಸ್ಸೇ ಬರಲಿಲ್ಲ.

ಫರ್ಮಾ ಹೇಳಿದ ಸಾಲಿನಲ್ಲಿ 65,537ರ ಆಚೆ ಇವತ್ತಿನವರೆಗೂ ಒಂದೂ ಅವಿಭಾಜ್ಯ ಸಿಕ್ಕಿಲ್ಲ. ಆದರೆ ನನ್ನನ್ನು ಕಾಡುವುದು ಬೇರೆ. 64ರ ಆ ನಿಯಮಕ್ಕೆ ಬೇಕಾದ ಪ್ರಮೇಯ ಫರ್ಮಾ ಅವರದ್ದೇ, ಅದೂ 1640ರದ್ದೇ! ಇಂಥದ್ದೇ ಉಪಾಯದಿಂದ ಅವರು ಎರಡರ 37ನೇ ಘಾತದಲ್ಲಿ 1 ಕಳೆದ ಸಂಖ್ಯೆಯನ್ನು 223 ಭಾಗಿಸುತ್ತದೆ ಎಂದು ಕಂಡುಹಿಡಿದಿದ್ದರು. ಬೀಗದ ಕೈ ಅವರ ಕೈಯಲ್ಲೇ ಇತ್ತು. ಬಾಗಿಲು ಐದೇ ಭಾಗಾಕಾರ ದೂರದಲ್ಲಿತ್ತು.

ಕಾಗದ ಇನ್ನೂ ಮುಂದಿದೆಯೇ? 641ರಿಂದ ಭಾಗಿಸಿದಾಗ ಬರುವ ಉತ್ತರ 67,00,417. ಅದೂ ಅವಿಭಾಜ್ಯವೇ. ಅದನ್ನು 64ರಿಂದ ಭಾಗಿಸಿ, ಶೇಷ ಎಷ್ಟು ಬರುತ್ತದೆ ನೋಡಿ. ನಮಸ್ಕಾರ.