ಪ್ರವಚನ ಮುಗಿದ ಮೇಲೆ ಕಾನೂನಿನ ಕೊನೆಯ ಸೆಕ್ಷನ್ ಓದಿ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಪಾದ್ರಿಯೊಬ್ಬರು ವೇದಿಕೆ ಮೇಲೆ ನಿಂತು ಇಸ್ರೇಲ್, ಉಗ್ರವಾದ, ವಿಶ್ವವಿದ್ಯಾಲಯಗಳ ಗಲಾಟೆ ಮೂರನ್ನೂ ಬೈಬಲಿನ ಒಂದೆರಡು ವಚನಗಳಲ್ಲಿ ಕಟ್ಟಿಹಾಕುವ ವಿಡಿಯೋ ತುಣುಕುಗಳು ನಿಮ್ಮ ಮೊಬೈಲಿಗೂ ಬಂದಿರುತ್ತವೆ. ನೋಡಿದವರಲ್ಲಿ ಕೆಲವರು ಇದೆಲ್ಲ ಹುಚ್ಚು ಅಂತ ತಳ್ಳಿಹಾಕುತ್ತಾರೆ. ಇನ್ನು ಕೆಲವರು, ಅಮೆರಿಕವನ್ನು ನಿಜವಾಗಿ ಆಳುತ್ತಿರುವವರೇ ಇವರು ಅಂತ ನಂಬಿಬಿಡುತ್ತಾರೆ. ಎರಡೂ ಸೋಮಾರಿತನದ ತೀರ್ಮಾನ. ಈ ಸಂಪ್ರದಾಯವಾದಿ ಧಾರ್ಮಿಕ ವ್ಯಾಖ್ಯಾನಕಾರರ ಮಾತಿಗೆ ಎಷ್ಟು ತೂಕ ಇದೆ ಅಂತ ತಿಳಿಯಬೇಕಾದರೆ ಒಂದೇ ಕೆಲಸ ಮಾಡಿ: ಅವರ ಬೇಡಿಕೆ ಯಾವ ಕಾನೂನಿನಲ್ಲಿದೆ, ಆ ಕಾನೂನಿನಲ್ಲಿ ವಿನಾಯಿತಿ ಕೊಡುವ ಸೆಕ್ಷನ್ ಎಲ್ಲಿದೆ, ಅದಕ್ಕೆ ಸಹಿ ಹಾಕುವವರು ಯಾರು? ಇಷ್ಟು ಹುಡುಕಿ. ಇವತ್ತು ನಾನು ಹೇಳಹೊರಟಿರುವುದು ಇದೊಂದೇ.

ಜೆರುಸಲೇಮಿನ ರಾಯಭಾರ ಕಚೇರಿಯ ಕಥೆ ತೆಗೆದುಕೊಳ್ಳಿ. ಆದಿಕಾಂಡದ 12ನೇ ಅಧ್ಯಾಯದ 3ನೇ ವಚನದಲ್ಲಿ ದೇವರು ಅಬ್ರಹಾಮನಿಗೆ ಮಾತು ಕೊಡುತ್ತಾನೆ, ನಿನ್ನನ್ನು ಹರಸುವವರನ್ನು ನಾನು ಹರಸುತ್ತೇನೆ, ಶಪಿಸುವವರನ್ನು ಶಪಿಸುತ್ತೇನೆ ಅಂತ. ಅಮೆರಿಕದ ಇವ್ಯಾಂಜೆಲಿಕಲ್ ಕ್ರೈಸ್ತರಲ್ಲಿ, ಅಂದರೆ ಬೈಬಲಿನ ಮಾತೇ ಅಂತಿಮ ಅನ್ನುವ ಪ್ರೊಟೆಸ್ಟೆಂಟರಲ್ಲಿ, ಬಹಳಷ್ಟು ಜನ ಇದನ್ನು ಇವತ್ತಿನ ಇಸ್ರೇಲ್ ದೇಶಕ್ಕೂ ಅನ್ವಯಿಸುತ್ತಾರೆ. ಟೆಕ್ಸಾಸಿನ ಸ್ಯಾನ್ ಆಂಟೋನಿಯೊದ ಪಾದ್ರಿ ಜಾನ್ ಹೇಗಿ 2006ರಲ್ಲಿ ‘ಕ್ರಿಶ್ಚಿಯನ್ಸ್ ಯುನೈಟೆಡ್ ಫಾರ್ ಇಸ್ರೇಲ್’ ಸಂಘಟನೆ ಕಟ್ಟಿದ್ದೂ ಇದೇ ನಂಬಿಕೆಯ ಮೇಲೆ. ಆದರೆ ವಚನದಲ್ಲಿ ರಾಯಭಾರ ಕಚೇರಿಯ ಸುದ್ದಿಯೇ ಇಲ್ಲ. ಅದು ಬಂದದ್ದು ಸಂಸತ್ತಿನಿಂದ.

1995ರಲ್ಲಿ ಅಮೆರಿಕದ ಕಾಂಗ್ರೆಸ್ ಒಂದು ಕಾನೂನು ಮಾಡಿತು. ಟೆಲ್ ಅವೀವ್‌ನಲ್ಲಿರುವ ಕಚೇರಿಯನ್ನು 1999ರ ಮೇ 31ರೊಳಗೆ ಜೆರುಸಲೇಮಿಗೆ ಸಾಗಿಸಬೇಕು. ಸೆನೆಟ್‌ನಲ್ಲಿ ಪರವಾಗಿ 93 ಮತ, ವಿರುದ್ಧ ಬರೀ 5. ಆಗಿನ ಅಧ್ಯಕ್ಷ ಕ್ಲಿಂಟನ್ ಸಹಿಯನ್ನೇ ಹಾಕಲಿಲ್ಲ, ಸಹಿ ಇಲ್ಲದೆಯೇ ಅದು ಕಾನೂನಾಯಿತು. ತಪ್ಪಿದರೆ ದಂಡವೂ ಇತ್ತು: ಹೊರದೇಶಗಳಲ್ಲಿ ಕಟ್ಟಡ ಕೊಳ್ಳಲು, ನೋಡಿಕೊಳ್ಳಲು ವಿದೇಶಾಂಗ ಇಲಾಖೆಗೆ ಕೊಡುವ ಹಣದಲ್ಲಿ ಅರ್ಧದಷ್ಟನ್ನು ಖರ್ಚು ಮಾಡುವಂತಿಲ್ಲ. ಎಷ್ಟು ಬಿಗಿಯಾಗಿದೆ, ಅಲ್ಲವೇ? ಈಗ ಸೆಕ್ಷನ್ 7 ನೋಡಿ. ರಾಷ್ಟ್ರದ ಭದ್ರತೆಗೆ ಅಗತ್ಯ ಅನಿಸಿದರೆ ಅಧ್ಯಕ್ಷರು ಕಾಂಗ್ರೆಸ್ಸಿಗೆ ವರದಿ ಕೊಟ್ಟು ಆರು ತಿಂಗಳ ಮಟ್ಟಿಗೆ ಈ ದಂಡವನ್ನು ತಡೆಹಿಡಿಯಬಹುದು. ಆರು ತಿಂಗಳು ಮುಗಿದ ಮೇಲೆ? ಮತ್ತೆ ಆರು ತಿಂಗಳು. ಹೀಗೆ ಎಷ್ಟು ಸಲ ಎಂಬುದಕ್ಕೆ ಮಿತಿಯೇ ಇಲ್ಲ.

ಅಲ್ಲಿಂದ ಶುರುವಾಯಿತು ಸಹಿಯ ಸರದಿ. 1999ರ ಜೂನ್‌ನಲ್ಲಿ ಕ್ಲಿಂಟನ್ ಸಹಿ ಹಾಕಿದರು. ಗೆದ್ದು ಬಂದ ಕೂಡಲೇ ಸ್ಥಳಾಂತರ ಶುರು ಮಾಡುತ್ತೇನೆ ಅಂತ 2000ದ ಚುನಾವಣೆಯಲ್ಲಿ ಮಾತು ಕೊಟ್ಟಿದ್ದ ಬುಷ್, ಎಂಟು ವರ್ಷವೂ ಆರು ತಿಂಗಳಿಗೊಮ್ಮೆ ತಪ್ಪದೆ ಸಹಿ ಹಾಕಿದರು. ಒಬಾಮ ಎಂಟು ವರ್ಷ. 2017ರ ಜೂನ್‌ನಲ್ಲಿ ಟ್ರಂಪ್ ಕೂಡ. ಇಷ್ಟೂ ಕಾಲ ಚರ್ಚುಗಳಲ್ಲಿ ಅದೇ ವಚನ, ಅದೇ ಚಪ್ಪಾಳೆ. ಅಧ್ಯಕ್ಷರಿಗೋ ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. 2017ರ ಡಿಸೆಂಬರ್ 6ರಂದು ಟ್ರಂಪ್ ಟಿ.ವಿ. ಮುಂದೆ ನಿಂತು ಜೆರುಸಲೇಮ್ ಇಸ್ರೇಲಿನ ರಾಜಧಾನಿ ಅಂತ ಘೋಷಿಸಿದರಲ್ಲ, ಜಗತ್ತೆಲ್ಲ ಅದರ ಬಗ್ಗೆಯೇ ಮಾತಾಡಿತು. ಅದೇ ದಿನ ಅವರು ಇನ್ನೊಂದು ಕಾಗದಕ್ಕೂ ಸಹಿ ಹಾಕಿದ್ದರು, ಅದೇ ವಿನಾಯಿತಿ ಕಾಗದಕ್ಕೆ! ಯಾಕೆ? ಕಚೇರಿ ಇನ್ನೂ ಟೆಲ್ ಅವೀವ್‌ನಲ್ಲೇ ಇತ್ತು. ಸಹಿ ಹಾಕದಿದ್ದರೆ ಕಟ್ಟಡಗಳ ಹಣ ನಿಲ್ಲುತ್ತಿತ್ತು. 2018ರ ಮೇ 14ರಂದು ಜೆರುಸಲೇಮಿನ ಅರ್ನೋನಾ ಬಡಾವಣೆಯಲ್ಲಿ, ವೀಸಾ ಮುಂತಾದ ಕೆಲಸಕ್ಕೆ ಮೊದಲೇ ಇದ್ದ ಕಾನ್ಸುಲರ್ ಕಟ್ಟಡಕ್ಕೆ ರಾಯಭಾರ ಕಚೇರಿ ಎಂಬ ಫಲಕ ಬಂತು. ಡಲ್ಲಾಸಿನ ಪಾದ್ರಿ ರಾಬರ್ಟ್ ಜೆಫ್ರೆಸ್ ಆರಂಭದ ಪ್ರಾರ್ಥನೆ ಮಾಡಿದರು, ಕೊನೆಯಲ್ಲಿ ಆಶೀರ್ವಚನ ಹೇಳಿದ್ದು ಅದೇ ಜಾನ್ ಹೇಗಿ. ಅದೇ ದಿನ ಗಾಜಾ ಗಡಿಯ ಪ್ರತಿಭಟನೆಯಲ್ಲಿ ಇಸ್ರೇಲಿ ಸೈನಿಕರ ಗುಂಡಿಗೆ ಸುಮಾರು 60 ಪ್ಯಾಲೆಸ್ಟೀನಿಯರು ಸತ್ತರು. ಸಮಾರಂಭದ ವೇದಿಕೆಯಲ್ಲಿ ಪ್ರಾರ್ಥಿಸಿದವರ ವ್ಯಾಖ್ಯಾನ ಕೇಳುವಾಗ ಈ ಎರಡನ್ನೂ ಒಟ್ಟಿಗೆ ನೆನಪಿಡುವುದು ಒಳ್ಳೆಯದು.

ಕಥೆ ಅಲ್ಲಿಗೂ ಮುಗಿಯಲಿಲ್ಲ. 2018ರ ಜೂನ್‌ನಲ್ಲಿ, ಕಚೇರಿ ತೆರೆದ ಮೇಲೆ, ಟ್ರಂಪ್ ಮತ್ತೆ ವಿನಾಯಿತಿಗೆ ಸಹಿ ಹಾಕಬೇಕಾಯಿತು. ಆ ಕಾನೂನಿನ ಪ್ರಕಾರ ರಾಯಭಾರ ಕಚೇರಿ ಅಂದರೆ ಆಫೀಸಿನ ಜೊತೆಗೆ ರಾಯಭಾರಿ ವಾಸ ಮಾಡುವ ಮನೆಯೂ ಸೇರುತ್ತದೆ. ಮನೆ ಇನ್ನೂ ಜೆರುಸಲೇಮಿಗೆ ಬಂದಿರಲಿಲ್ಲ. ಪ್ರವಚನದಲ್ಲಿ ಇದು ಬರುವುದಿಲ್ಲ, ಕೇಳುಗರೇ. ವ್ಯಾಖ್ಯೆಗಳ ಸೆಕ್ಷನ್ನಿನಲ್ಲಿ ಬರುತ್ತದೆ.

ಒಂದೇ ಕಥೆಗೆ ಇಷ್ಟು ಹೊತ್ತು ಹಿಡಿಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ವಿಶ್ವವಿದ್ಯಾಲಯಗಳ ವಿಚಾರ. ಅಲ್ಲಿ ಯೆಹೂದಿ ದ್ವೇಷ ಬೆಳೆಯುತ್ತಿದೆ, ಸರ್ಕಾರ ಅನುದಾನ ನಿಲ್ಲಿಸಲಿ ಎಂಬುದು ಈ ವ್ಯಾಖ್ಯಾನಕಾರರ ಇತ್ತೀಚಿನ ವರ್ಷಗಳ ಮುಖ್ಯ ಬೇಡಿಕೆ. ಯಾವ ಕಾನೂನು? 1964ರ ನಾಗರಿಕ ಹಕ್ಕುಗಳ ಕಾಯ್ದೆಯ 6ನೇ ಭಾಗ. ತೆರೆದು ಓದಿದರೆ ಅದರಲ್ಲಿರುವುದು ಮೂರೇ: ಜನಾಂಗ, ಬಣ್ಣ, ರಾಷ್ಟ್ರೀಯ ಮೂಲ. ಧರ್ಮ ಅದರಲ್ಲಿ ಇಲ್ಲವೇ ಇಲ್ಲ! ಅದಕ್ಕಾಗಿಯೇ 2019ರ ಡಿಸೆಂಬರ್ 11ರ ಅಧ್ಯಕ್ಷರ ಆದೇಶ ಒಂದು ದಾರಿ ಹುಡುಕಿತು: ಯೆಹೂದಿಗಳ ಮೇಲಿನ ತಾರತಮ್ಯದ ಹಿಂದೆ ಈ ಮೂರರಲ್ಲಿ ಯಾವುದಾದರೂ ಇದ್ದರೆ, ಧರ್ಮವೂ ಸೇರಿಕೊಂಡಿದೆ ಎಂಬ ಕಾರಣಕ್ಕೆ ರಕ್ಷಣೆ ತಪ್ಪುವುದಿಲ್ಲ. ಇನ್ನು ಹಣ ನಿಲ್ಲಿಸಲು ಕಾಯ್ದೆಯಲ್ಲೇ ಮೆಟ್ಟಿಲುಗಳಿವೆ. ಮೊದಲು ನೋಟಿಸು, ತಾವಾಗಿ ಸರಿಪಡಿಸಿಕೊಳ್ಳಲು ಅವಕಾಶ, ವಿಚಾರಣೆ, ದಾಖಲೆಯ ಮೇಲೆ ತೀರ್ಮಾನ, ಕಾಂಗ್ರೆಸ್ ಸಮಿತಿಗಳಿಗೆ ವರದಿ, ಆಮೇಲೆ 30 ದಿನ. 2025ರ ಮಾರ್ಚ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸುಮಾರು 40 ಕೋಟಿ ಡಾಲರ್ ಅನುದಾನ ರದ್ದಾದಾಗ ಕಾನೂನು ಬಲ್ಲವರು ತೆಗೆದ ತಕರಾರು ಇದೇ, ಮೆಟ್ಟಿಲು ಬಿಟ್ಟು ನೇರವಾಗಿ ಮಹಡಿಗೆ ಹಾರಿದ್ದೀರಿ ಅಂತ. ಅದೇ ವರ್ಷ ಜುಲೈನಲ್ಲಿ ಕೊಲಂಬಿಯಾ ಮೂರು ವರ್ಷಗಳಲ್ಲಿ 20 ಕೋಟಿ ಡಾಲರ್ ಕಟ್ಟಲು ಒಪ್ಪಿ ರಾಜಿಯಾಯಿತು.

ಇದೇ ಸಂಪ್ರದಾಯವಾದಿಗಳು ಕ್ಯಾಂಪಸ್ಸಿನಲ್ಲಿ ಗಟ್ಟಿಯಾಗಿ ಗೆದ್ದದ್ದು ಬೇರೆ ಕಡೆ. ವರ್ಜೀನಿಯಾ ವಿಶ್ವವಿದ್ಯಾಲಯ ಪ್ರತಿ ವಿದ್ಯಾರ್ಥಿಯಿಂದ ಸೆಮಿಸ್ಟರಿಗೆ 14 ಡಾಲರ್ ಚಟುವಟಿಕೆ ಶುಲ್ಕ ವಸೂಲು ಮಾಡಿ ವಿದ್ಯಾರ್ಥಿಗಳ ಪತ್ರಿಕೆಗಳ ಮುದ್ರಣಕ್ಕೆ ಕೊಡುತ್ತಿತ್ತು. ಕ್ರೈಸ್ತ ವಿದ್ಯಾರ್ಥಿಗಳ ಪತ್ರಿಕೆಗೆ ಮಾತ್ರ ಕೊಡಲಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ವಿದ್ಯಾರ್ಥಿಗಳ ಪರ ತೀರ್ಪು ಕೊಟ್ಟಿತು. ಎಲ್ಲರ ಅಭಿಪ್ರಾಯಕ್ಕೂ ಹಣ ಕೊಟ್ಟು ಧಾರ್ಮಿಕ ಅಭಿಪ್ರಾಯಕ್ಕೆ ಮಾತ್ರ ಇಲ್ಲ ಅನ್ನುವಂತಿಲ್ಲ, ಅಷ್ಟೇ. ಇದರಲ್ಲಿ ವಿನಾಯಿತಿಗೆ ಸಹಿ ಹಾಕುವವರು ಯಾರೂ ಇಲ್ಲ. ಹಾಗಾಗಿಯೇ ಈ ಗೆಲುವು ಉಳಿಯಿತು.

ಉಗ್ರವಾದಕ್ಕೆ ಬರೋಣ. ಪ್ಯಾಲೆಸ್ಟೀನ್ ಪರ ಪ್ರತಿಭಟಿಸುವವರ ಬಗ್ಗೆ ‘ಆ ವಿದ್ಯಾರ್ಥಿ ಗುಂಪನ್ನು ಭಯೋತ್ಪಾದಕ ಸಂಘಟನೆ ಅಂತ ಘೋಷಿಸಿ’ ಎಂಬ ಕೂಗು ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ. ವಲಸೆ ಕಾಯ್ದೆಯ ಸೆಕ್ಷನ್ 219ರ ಪಟ್ಟಿಗೆ ಸೇರಬೇಕಾದರೆ ಮೊದಲ ಷರತ್ತೇ, ಸಂಘಟನೆ ವಿದೇಶಿ ಆಗಿರಬೇಕು. ಹಮಾಸ್ 1997ರಿಂದ ಆ ಪಟ್ಟಿಯಲ್ಲಿದೆ, ಅದಕ್ಕೆ ನೆರವು ಕೊಟ್ಟರೆ 20 ವರ್ಷದವರೆಗೆ ಜೈಲು. ಅಮೆರಿಕದೊಳಗಿನ ವಿದ್ಯಾರ್ಥಿ ಸಂಘಕ್ಕೆ ಆ ಪಟ್ಟಿಯ ಬಾಗಿಲೇ ಇಲ್ಲ. ಬರೀ ಮಾತಿಗೆ ಶಿಕ್ಷೆ ಕೊಡಬೇಕಾದರೂ ಸುಪ್ರೀಂ ಕೋರ್ಟಿನ 1969ರ ಬ್ರಾಂಡೆನ್‌ಬರ್ಗ್ ತೀರ್ಪು ಅಡ್ಡ ನಿಂತಿದೆ: ಮಾತು ಆ ಕೂಡಲೇ ಕಾನೂನುಭಂಗಕ್ಕೆ ಎಬ್ಬಿಸುವಂಥದ್ದಾಗಿರಬೇಕು, ಎಬ್ಬಿಸುವ ಸಂಭವವೂ ಇರಬೇಕು. ಆ ತೀರ್ಪಿನಿಂದ ಬಿಡುಗಡೆಯಾದವನು ಬಿಳಿಯರೇ ಮೇಲು ಅನ್ನುವ ಕು ಕ್ಲಕ್ಸ್ ಕ್ಲಾನ್ ಗುಂಪಿನ ಮುಂದಾಳು. ಅವನಿಗೆ ಸಿಕ್ಕ ರಕ್ಷಣೆ ಪಾದ್ರಿಗೂ ಇದೆ, ಪಾದ್ರಿ ಬೈಯುವ ವಿದ್ಯಾರ್ಥಿಗೂ ಇದೆ.

ಸಮಯ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಸೌದಿ ಅರೇಬಿಯಾದ ಮಾತು ಒಂದು ಉಳಿದಿದೆ. ಅಂತರರಾಷ್ಟ್ರೀಯ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆ 1998ರದು, ಅದಕ್ಕಾಗಿ ಇವ್ಯಾಂಜೆಲಿಕಲ್ ಕ್ರೈಸ್ತರು ನಿಜಕ್ಕೂ ದುಡಿದಿದ್ದರು. ಅದರಡಿ ಸೌದಿ 2004ರಲ್ಲೇ, ಧಾರ್ಮಿಕ ಸ್ವಾತಂತ್ರ್ಯವನ್ನು ತೀವ್ರವಾಗಿ ತುಳಿಯುವ ‘ಕಳವಳಕಾರಿ ದೇಶಗಳ’ ಪಟ್ಟಿಗೆ ಸೇರಿತು. ದಂಡನೆ ಯಾಕೆ ಬೀಳಲಿಲ್ಲ ಅಂತ ಕೇಳುತ್ತೀರಾ? ಅದೇ ಕಾಯ್ದೆಯಲ್ಲಿ ರಾಷ್ಟ್ರಹಿತದ ಹೆಸರಿನ ವಿನಾಯಿತಿ ಸೆಕ್ಷನ್ ಇದೆ, ಹುಡುಕಿ ಓದಿ. ನಮಸ್ಕಾರ.