ಗಾಳಿ ಅಳೆದರೆ ಸಾಲದು

ಕೇಳುಗರಿಗೆ ನಮಸ್ಕಾರ.

ನಮ್ಮ ಶಿವಮೊಗ್ಗದ ಗ್ಯಾರೇಜುಗಳಲ್ಲಿ ಪೇಂಟ್ ಹೊಡೆಯುವ ಹುಡುಗರು ಸಂಜೆ ಕೈ ತೊಳೆಯುವುದನ್ನು ನೋಡಿದ್ದೀರಾ? ಬಟ್ಟೆಚೂರನ್ನು ಥಿನ್ನರ್‌ನಲ್ಲಿ ಅದ್ದಿ ಮೊಣಕೈವರೆಗೂ ಉಜ್ಜುತ್ತಾರೆ. ಥಿನ್ನರ್‌ನಲ್ಲಿ ಸಾಮಾನ್ಯವಾಗಿ ಟಾಲೂಯಿನ್ ಎಂಬ ರಾಸಾಯನಿಕ ಇರುತ್ತದೆ. 1948ರ ಕಾರ್ಖಾನೆ ಕಾಯ್ದೆ ಅದಕ್ಕೊಂದು ಮಿತಿ ಹಾಕಿತ್ತು: ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು. ಆದರೆ ಚರ್ಮದಿಂದ ಒಳಗೆ ಹೋದದ್ದು ಗಾಳಿಯ ಲೆಕ್ಕಕ್ಕೆ ಸಿಗುತ್ತದಾ? ಸಿಗುವುದಿಲ್ಲ.

ಮೂತ್ರಕ್ಕೆ ಸಿಗುತ್ತದೆ. ಟಾಲೂಯಿನ್‌ನ ಒಂದಂಶ ಮೈಯೊಳಗೆ ಆರ್ಥೋ-ಕ್ರೆಸಾಲ್ ಎಂಬ ಇನ್ನೊಂದು ರಾಸಾಯನಿಕ ಆಗಿ ಹೊರಬೀಳುತ್ತದೆ. ಅದಕ್ಕೇ ಪಾಳಿ ಮುಗಿದ ಕೂಡಲೇ ಮೂತ್ರ ಪರೀಕ್ಷೆ ಮಾಡಬೇಕು. ಗಾಳಿಯ ಮಿತಿಯಷ್ಟೇ ಉಸಿರಾಡಿದವರ ಮೂತ್ರದಲ್ಲಿ ಅದು ಎಷ್ಟು ಬರುತ್ತದೆ ಎಂದು ನೋಡಿ ಮಿತಿ ಗೊತ್ತು ಮಾಡುತ್ತಾರೆ. ಅದಕ್ಕಿಂತ ಜಾಸ್ತಿ ಬಂತೆಂದರೆ ವಿಷ ಬೇರೆ ದಾರಿಯಲ್ಲೂ ಹೋಗುತ್ತಿರಬಹುದು.

ಸೀಸದ ಮಾತು ಬೇರೆ. ಬ್ಯಾಟರಿ ಬಿಚ್ಚಿದ ಕೈಯಲ್ಲೇ ಎಲೆ-ಅಡಿಕೆ ಹಾಕಿಕೊಂಡರೆ ಸೀಸ ಸೀದಾ ಹೊಟ್ಟೆಗೆ. ಇಲ್ಲಿ ಮಿತಿಯನ್ನು ನೇರವಾಗಿ ರಕ್ತದಲ್ಲೇ ಹಾಕುತ್ತಾರೆ, ಎಷ್ಟಾದರೆ ನರಕ್ಕೆ, ರಕ್ತಕ್ಕೆ ಏಟು ಎಂದು ನೋಡಿ. ಅಮೆರಿಕದ 1978ರ ನಿಯಮದಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ 60 ಮೈಕ್ರೋಗ್ರಾಂ ದಾಟಿದವರನ್ನು ಆ ಕೆಲಸದಿಂದ ದೂರ ಇಡಬೇಕು. 18 ತಿಂಗಳವರೆಗೂ ಸಂಬಳ ಕಡಿಯುವ ಹಾಗಿಲ್ಲ. ಇದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಕೂಲಿ ಹೋಗುತ್ತದೆ ಅಂತಾದರೆ ರಕ್ತ ಕೊಡಲು ಯಾರು ಬರುತ್ತಾರೆ ಹೇಳಿ?

ಇನ್ನು ಗದ್ದೆಗೆ ಔಷಧಿ ಹೊಡೆಯುವವರು. ಅಡಿಕೆಯ ಕೊಳೆಗೆ ಹೊಡೆಯುವ ಬೋರ್ಡೋ ಮೈಲುತುತ್ತ-ಸುಣ್ಣದ್ದು, ಅದಕ್ಕೆ ನಾನು ಈಗ ಹೇಳುವ ಪರೀಕ್ಷೆ ಅಲ್ಲ. ನಾನು ಹೇಳುತ್ತಿರುವುದು ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕದ ಬಗ್ಗೆ. ಬೆನ್ನಿನ ಟ್ಯಾಂಕ್ ಸೋರಿ ಅಂಗಿ ಒದ್ದೆಯಾದರೆ ಅದು ಚರ್ಮದಿಂದಲೇ ಇಳಿದು, ನರಗಳ ಕೆಲಸಕ್ಕೆ ಬೇಕಾದ ಕೋಲಿನೆಸ್ಟರೇಸ್ ಕಿಣ್ವವನ್ನು ಕಟ್ಟಿಹಾಕುತ್ತದೆ. ಈ ಕಿಣ್ವವನ್ನು ರಕ್ತದಲ್ಲಿ ಅಳೆಯುತ್ತಾರೆ, ಆದರೆ ಅದು ಒಬ್ಬೊಬ್ಬರಲ್ಲಿ ಒಂದೊಂದು ಮಟ್ಟದಲ್ಲಿರುತ್ತದೆ. ಹಾಗಾಗಿ ಅವರವರ ಮಟ್ಟವೇ ಅವರಿಗೆ ಅಳತೆ. ಕ್ಯಾಲಿಫೋರ್ನಿಯಾದಲ್ಲಿ ಅದು ಔಷಧಿ ಮುಟ್ಟುವ ಮೊದಲು ಇದ್ದ ಮಟ್ಟದ 80 ಶೇಕಡಾಕ್ಕಿಂತ ಇಳಿದರೆ ಕೆಲಸದ ರೀತಿ ತಪಾಸಣೆ ಆಗಬೇಕು. ಕೆಂಪು ರಕ್ತಕಣದಲ್ಲಿ 70ಕ್ಕಿಳಿದರೆ ಔಷಧಿ ಮುಟ್ಟುವ ಹಾಗಿಲ್ಲ.

ಸುಸ್ತಾದ ಮೇಲೆ ಮಾಡಿಸಿದರೆ ಹೋಲಿಸಲು ಹಳೆಯ ಅಂಕಿಯೇ ಇರುವುದಿಲ್ಲ, ಅಲ್ವಾ? ಆದ್ದರಿಂದ ಔಷಧಿಯ ಕೆಲಸ ಶುರುವಾಗುವ ಮೊದಲೇ ಒಮ್ಮೆ ಈ ಕಿಣ್ವದ ರಕ್ತ ಪರೀಕ್ಷೆ ಮಾಡಿಸಿ, ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದಿನ ಸಲವೂ ಅದೇ ಲ್ಯಾಬಿಗೇ ಹೋಗಿ. ಲ್ಯಾಬ್ ಬದಲಾದರೆ ಅಳೆಯುವ ವಿಧಾನ ಬದಲಾಗಬಹುದು, ಅಂಕಿಗಳು ತಾಳೆಯಾಗುವುದಿಲ್ಲ.

ನಮಸ್ಕಾರ.