ವಖಾರಿಯ ಗಣಕದಲ್ಲಿ ಮುಕ್ತ ತಂತ್ರಾಂಶ: ಮೊದಲು ಕಡತ, ಆಮೇಲೆ ಯಂತ್ರ

ಎಲ್ಲರಿಗೂ ನಮಸ್ಕಾರ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ವಖಾರಿಗಳ ಯಜಮಾನರು, ಗುಮಾಸ್ತರು ಮತ್ತು ಗಣಕಯಂತ್ರ ದುರಸ್ತಿ ಮಾಡುವ ತರುಣರು ಒಂದೇ ಸಭೆಯಲ್ಲಿ ಕುಳಿತಿರುವುದು ನನಗೆ ಬಹಳ ಸಂತೋಷದ ಸಂಗತಿ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ವಾಡಿಕೆಯ ಬೆಂಬಲ, ಎಂದರೆ ಭದ್ರತಾ ತಿದ್ದುಪಡಿಗಳ ಪೂರೈಕೆ, ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನ ಅಥವಾ ಅದಕ್ಕೂ ಹೊಸ ಪ್ರೊಸೆಸರ್ ಬೇಕು. ಹತ್ತು ವರ್ಷದ ಹಿಂದೆ ಕೊಂಡ ಯಂತ್ರ ಇಂದಿಗೂ ರಾಶಿ, ಚಾಲಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ಲೆಕ್ಕವನ್ನು ತಪ್ಪದೆ ಮಾಡುತ್ತಿದೆ. ಅದನ್ನು ಗುಜರಿಗೆ ಹಾಕಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯನ್ನು ಹಾಕಬಹುದು. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ನಾಲ್ಕು ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿಯೂ ಸಲೀಸಾಗಿ ನಡೆಯುತ್ತದೆ.

ಆದರೆ ತರುಣ ಮಿತ್ರರೇ, ಇದನ್ನು ಕೇಳಿ ನಾಳೆಯೇ ಯಾರ ಯಂತ್ರವನ್ನೂ ಅಳಿಸಿಬಿಡಬೇಡಿ. ನಾನು ಹಾಗೆ ಮಾಡಿ ಒಂದು ವಖಾರಿಗೆ ತೊಂದರೆ ಕೊಟ್ಟಿದ್ದೇನೆ. ಯಜಮಾನರ ಒಪ್ಪಿಗೆ ಪಡೆದಿದ್ದೆ, ಗುಮಾಸ್ತರನ್ನು ಕೇಳಿರಲಿಲ್ಲ. ಭಾನುವಾರ ರಾತ್ರಿ ಎಲ್ಲವನ್ನೂ ಬದಲಾಯಿಸಿ ಮನೆಗೆ ಹೋದೆ. ಸೋಮವಾರ ವ್ಯಾಪಾರ ಮುಗಿದು ಬೆಳೆಗಾರರು ಬಿಲ್ಲಿಗಾಗಿ ಕಾಯುತ್ತಿದ್ದಾಗ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಅರ್ಧ ಬಿಲ್ಲನ್ನು ಒಂದು ಹಾಳೆಯಲ್ಲಿ, ಉಳಿದರ್ಧವನ್ನು ಮುಂದಿನ ಹಾಳೆಯಲ್ಲಿ ಅಚ್ಚುಹಾಕಿತು. ಸಾಲಾಗಿ ಮಡಚಿ ಬರುವ ಮಡಿಕೆ ಕಾಗದದ ಅಳತೆಯನ್ನು ನಾನು ಹೊಂದಿಸಿರಲಿಲ್ಲ. ಹಿರಿಯ ಗುಮಾಸ್ತರು ಸಿಟ್ಟಾಗಲಿಲ್ಲ. "ತಮ್ಮಾ, ನಮಗೆ ಹಳೆಯದೇ ಇರಲಿ" ಎಂದಷ್ಟೇ ಹೇಳಿದರು. ಆ ಮಾತು ಇನ್ನೂ ನನ್ನ ಮನಸ್ಸಿನಲ್ಲಿದೆ.

ಅಂದಿನಿಂದ ಯಂತ್ರವನ್ನು ಕೊನೆಗೆ ಮುಟ್ಟುತ್ತೇನೆ. ಇರುವ ವಿಂಡೋಸ್‌ನಲ್ಲಿಯೇ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶ, ಜಾಲತಾಣ ನೋಡುವ ಫೈರ್‌ಫಾಕ್ಸ್‌ಗಳನ್ನು ಹಾಕಿ ಒಂದು ಅಡಿಕೆ ಸುಗ್ಗಿಯನ್ನು ಕಳೆಯಲು ಬಿಡುತ್ತೇನೆ. ಇವೆರಡೂ ಲಿನಕ್ಸ್‌ನಲ್ಲಿಯೂ ಇರುವುದರಿಂದ ಮುಂದೆ ಕೆಳಗಿನ ವ್ಯವಸ್ಥೆ ಬದಲಾದರೂ ಗುಮಾಸ್ತರ ಕಣ್ಣಿಗೆ ಪರಿಚಿತ ಪರದೆಯೇ ಕಾಣುತ್ತದೆ. ಪ್ರಿಂಟರನ್ನು ಮೊದಲೇ ಪರೀಕ್ಷಿಸುತ್ತೇನೆ.

ಈ ಸುಗ್ಗಿಯಲ್ಲಿ ಮಾಡಬೇಕಾದ ನಿಜವಾದ ಕೆಲಸ ಕನ್ನಡ ಕಡತಗಳದ್ದು. ನಿಮ್ಮ ಬೆಳೆಗಾರರ ಪಟ್ಟಿ ನುಡಿ ಅಥವಾ ಬರಹ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿದ್ದರೆ, ಗಣಕದ ಒಳಗೆ ಇರುವುದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಫಾಂಟು ಕನ್ನಡದ ಆಕಾರವನ್ನು ಹೊದಿಸಿರುತ್ತದೆ, ಅಷ್ಟೇ. ಅದಕ್ಕಾಗಿಯೇ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದರೆ ಅನಂತ, ಗಣಪತಿ, ಶ್ರೀಧರ ಎಂಬ ಕ್ರಮ ಬರುವುದಿಲ್ಲ. ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ನಲ್ಲಿ ಹೆಸರನ್ನು ಬೆರಳಚ್ಚಿಸಿ ಹುಡುಕಿದರೂ ಸಿಗುವುದಿಲ್ಲ. ಪರಿವರ್ತಕ ತಂತ್ರಾಂಶದಿಂದ ಎಲ್ಲವನ್ನೂ ಯೂನಿಕೋಡ್‌ಗೆ ತನ್ನಿ, ಆಮೇಲೆ ಕುಳಿತು ಓದಿ. ಅರ್ಕಾವತ್ತು ಇರುವಲ್ಲಿ ವಿಶೇಷವಾಗಿ ನೋಡಿ. 'ಗೋಕರ್ಣ' ಎಂಬಲ್ಲಿ ಹಳೆಯ ಫಾಂಟು ಮೊದಲು ಣ, ಆಮೇಲೆ ಅರ್ಕಾವತ್ತಿನ ಗುರುತು ಎಂದು ಇಟ್ಟುಕೊಂಡಿರುತ್ತದೆ; ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವಂತೆಯೇ ರಕಾರ ಮೊದಲು. ಈ ಹಿಂದುಮುಂದಿನಲ್ಲಿಯೇ ತಪ್ಪುಗಳು ನುಸುಳುತ್ತವೆ. ಬೆಳೆಗಾರರ ಹೆಸರು ತಪ್ಪಾದ ಬಿಲ್ಲನ್ನು ಅವರ ಕೈಗೆ ಕೊಡುವುದು ನಮಗೆ ಶೋಭಿಸುವುದಿಲ್ಲ.

ಬೆರಳಚ್ಚು ಮಾಡುವವರ ಭಯವೊಂದಿದೆ: ಕೀಲಿಮಣೆಯನ್ನು ಮತ್ತೆ ಕಲಿಯಬೇಕೇ? ಬೇಕಿಲ್ಲ. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ, ನುಡಿಯಲ್ಲಿ ನೀವು ಬಳಸುವ ಅದೇ ಕೀಲಿಮಣೆ ಲಿನಕ್ಸ್‌ನಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಎಂಬ ಹೆಸರಿನಲ್ಲಿ ಸಿಗುತ್ತದೆ.

ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದ ವಿಷಯದಲ್ಲಿ ಹಟ ಮಾಡಬೇಡಿ. ಅದು ಲಿನಕ್ಸ್‌ಗಾಗಿ ತಯಾರಾದದ್ದಲ್ಲ, ನಿಮ್ಮ ಲೆಕ್ಕ ಪರಿಶೋಧಕರಿಗೆ ಅದೇ ಬೇಕು. ಬೆಂಬಲವಿರುವ ವಿಂಡೋಸ್ ಯಂತ್ರ ಒಂದನ್ನು ಅದಕ್ಕೂ ಡಿಜಿಟಲ್ ಸಹಿಗೂ ಮೀಸಲಿಟ್ಟು, ಉಳಿದ ಮೂರು ನಾಲ್ಕನ್ನು ಬದಲಾಯಿಸಿದರೂ ದೊಡ್ಡ ಲಾಭವೇ.

ತರುಣರಿಗೆ ಇನ್ನೊಂದು ಮಾತು. ಇದನ್ನು 'ಪುಕ್ಕಟೆ' ಎಂದು ಹೇಳಿ ಮಾರಬೇಡಿ. ಕನ್ನಡದಲ್ಲಿ ಮುಕ್ತ ಬೇರೆ, ಉಚಿತ ಬೇರೆ. ತಂತ್ರಾಂಶವನ್ನು ನೋಡುವ, ತಿದ್ದುವ, ಹಂಚುವ ಹಕ್ಕು ಮುಕ್ತ. ನೀವು ಕುಳಿತು ಅರ್ಕಾವತ್ತು ತಿದ್ದಿದ ಮೂರು ದಿನಗಳ ದುಡಿಮೆ ಉಚಿತವಲ್ಲ. ಅದಕ್ಕೆ ತಕ್ಕ ಸಂಬಳ ಕೇಳಿ. ಯಜಮಾನರೇ, ದಯವಿಟ್ಟು ಕೊಡಿ.

ಈ ಮೇಜಿನ ಮೇಲೆ ಒಂದು ಹಳೆಯ ಯಂತ್ರವನ್ನು ಪೆನ್‌ಡ್ರೈವ್‌ನಿಂದ ಚಾಲನೆ ಮಾಡಿ ಇಟ್ಟಿದ್ದೇನೆ. ಅದರ ಹಾರ್ಡ್ ಡಿಸ್ಕನ್ನು ನಾನು ಮುಟ್ಟಿಲ್ಲ. ಪಕ್ಕದಲ್ಲಿ ಪ್ರಿಂಟರ್ ಇದೆ, ಮಡಿಕೆ ಕಾಗದವೂ ಇದೆ. ಗುಮಾಸ್ತರು ಮೊದಲು ಬನ್ನಿ. ನಿಮ್ಮದೊಂದು ಬಿಲ್ಲನ್ನು ಅಚ್ಚುಹಾಕಿ ನೋಡೋಣ.